ಒಂದು ಕೈ ಬಿಡುವಿದ್ದವರು

ಜನವರಿ 9

ಪ್ರೀತಿಯ ಅಪ್ಪಾ,

ಫೋನ್ ಮಾಡಿದರೆ ನೀವು "ನಾನು ಚೆನ್ನಾಗಿದ್ದೀನಿ, ತಗೋ ನಿಮ್ಮಮ್ಮ" ಎಂದು ಅಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಅದಲ್ಲದೆ ಎದುರಿಗೆ ಮಾತಾಡಲು ನನಗೆ ಬರುವುದಿಲ್ಲ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮ ಸಲೂನಿನ ಬೆಂಚಿನ ಮೂಲೆಯಲ್ಲಿ ಹಳೆಯ ವಾರಪತ್ರಿಕೆ ಹಿಡಿದು ಕೂತಿರುತ್ತಿದ್ದ ನನ್ನನ್ನು ನೋಡಿ "ಇದು ನಿಮ್ಮ ಮಗಳೋ, ಗೋಡೆಗೆ ಒರಗಿಸಿಟ್ಟ ಪೊರಕೆಯೋ?" ಎಂದು ಗಿರಾಕಿಗಳು ಕೇಳುತ್ತಿದ್ದರಲ್ಲ.

ಹೊಸ ಕೆಲಸಕ್ಕೆ ಸೇರಿ ಹತ್ತು ದಿನವಾಯಿತು. ಚಿತ್ರ, ಹಾಡು, ಕಥೆ ಇಂಥವುಗಳಿಂದ ಕಾಯಿಲೆಯವರ ದಿನಗಳನ್ನು ಸ್ವಲ್ಪ ಹಗುರ ಮಾಡಬೇಕು ಎನ್ನುವ ಸಂಸ್ಥೆ ನಮ್ಮದು. ಮಕ್ಕಳ ವಾರ್ಡು, ಮುದುಕರ ಮನೆ, ಹೀಗೆ ಐದು ಜಾಗಗಳ ಪಟ್ಟಿ ಕೊಟ್ಟು ಆರಿಸಿಕೊಳ್ಳಿ ಎಂದರು. ನಾನು ಆಸ್ಪತ್ರೆಯ ಡಯಾಲಿಸಿಸ್ ವಿಭಾಗವನ್ನು ಕೇಳಿ ತೆಗೆದುಕೊಂಡೆ. ಯಾಕೆ ಎಂದು ನೀವು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಉದ್ದನೆಯ ಕೋಣೆ. ಒಂದು ಸಾಲಿನಲ್ಲಿ ಒಂಬತ್ತು ಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಒಂದು ಮೆಷಿನ್, ಎದುರಿಗೆ ಖಾಲಿ ಬಿಳಿ ಗೋಡೆ. ಮಧ್ಯಾಹ್ನದ ಪಾಳಿಯವರು ಒಂದು ಗಂಟೆಗೆ ಬಂದು, ತೂಕ ನೋಡಿಸಿಕೊಂಡು, ಒಂದು ಕೈಗೆ ಎರಡು ಸೂಜಿ ಹಾಕಿಸಿಕೊಂಡು ಐದರವರೆಗೆ ಕೂರುತ್ತಾರೆ. ವಾರಕ್ಕೆ ಮೂರು ದಿನ. ಸೂಜಿಯ ಕೈ ಅಲ್ಲಾಡುವಂತಿಲ್ಲ. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆದುಕೊಂಡು, ಇನ್ನೊಂದು ಕೊಳವೆಯಲ್ಲಿ ಒಳಗೆ ಬರುತ್ತಿರುತ್ತದೆ. ಅವರು ಗೋಡೆ ನೋಡುತ್ತಿರುತ್ತಾರೆ. ಮೂರನೇ ಗಂಟೆಗೆ ಒಬ್ಬೊಬ್ಬರೇ "ಸಾಕು, ತೆಗೀರಿ" ಎಂದು ಶುರು ಮಾಡುತ್ತಾರೆ. ಪೂರ್ತಿ ಕೂರದಿದ್ದರೆ ಮೈಯಲ್ಲಿ ನೀರು, ವಿಷ ಉಳಿಯುತ್ತದೆ ಎಂದು ದೊಡ್ಡ ಸಿಸ್ಟರ್ ದಿನವೂ ಗಂಟಲು ಹರಿದುಕೊಳ್ಳುತ್ತಾರೆ.

ನಾನು ಮೊದಲ ದಿನವೇ ಎಡವಿದೆ. ಬಣ್ಣದ ಪೆನ್ಸಿಲು, ದಪ್ಪ ಕಾಗದ ಎಲ್ಲ ಹಂಚಿದೆ. ಬರೆಯಹೋದರೆ ಕಾಗದ ಜಾರುತ್ತದೆ. ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲ. ಎಂಟನೇ ಕುರ್ಚಿಯ ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಅಜ್ಜಿ ಎನ್ನುತ್ತಾರೆ. ಅವರು ಕಾಗದವನ್ನು ನೆಲಕ್ಕೆ ತಳ್ಳಿ ಹೇಳಿದರು: "ಒಂದು ಕೈಯೋರಿಗೆ ಎರಡು ಕೈಯ ಕೆಲಸ ತಂದಿದ್ದೀಯಲ್ಲ ತಾಯಿ, ಎಷ್ಟು ಓದಿದ್ದೀಯ?"

ಮಾರನೆಯ ಪಾಳಿಗೆ ಕಥೆ ಓದಿದೆ. ಮೆಷಿನ್‌ಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಮುಂದೆ ಈ ಸೂಜಿ ಹಾಕಲು ಅನುವಾಗಲೆಂದು ನಿಮ್ಮ ಎಡಗೈಗೆ ಮಾಡಿದ ಆಪರೇಷನ್ ಗಾಯ ಮಾಗಿತೇ? ಬರುವ ತಿಂಗಳು ಡಯಾಲಿಸಿಸ್ ಶುರು ಮಾಡಲೇಬೇಕು ಎಂದು ಡಾಕ್ಟರು ಹೇಳಿದರಂತೆ, ನೀವು ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದಿರಂತೆ. ಅಮ್ಮ ಹೇಳಿದಳು.

ನಿಮ್ಮ ಮಗಳು

* * *

ಜನವರಿ 17

ಇಲಿಮರಿಗೆ,

ಕಾಗದ ತಲುಪಿತು. ಅಂಗಡಿಯಲ್ಲಿ ಗಿರಾಕಿಯೊಬ್ಬ ಕನ್ನಡಿಯಲ್ಲಿ ನೋಡಿ "ಏನ್ರೀ, ಈ ವಯಸ್ಸಲ್ಲಿ ಪ್ರೇಮಪತ್ರವಾ?" ಎಂದ. ಅವನ ಒಂದು ಬದಿಯ ಮೀಸೆ ಈಗ ಸ್ವಲ್ಪ ಸಣ್ಣದಾಗಿದೆ.

ಕೈ ಮಾಗಿದೆ. ಒಳಗೆ ಎರಡು ನರ ಸೇರಿಸಿ ಹೊಲಿದಿದ್ದಾರಲ್ಲ, ಅಲ್ಲಿ ಬೆರಳಿಟ್ಟರೆ ಗುಂಯ್ ಎನ್ನುತ್ತದೆ, ದುಂಬಿ ಹಿಡಿದು ಮುಚ್ಚಿಟ್ಟ ಹಾಗೆ. ನಿಮ್ಮಮ್ಮ ಕಿವಿ ಇಟ್ಟು ಕೇಳಿ ಹೆದರಿದಳು.

ಕುರ್ಚಿಯ ವಿಷಯ. ನಲವತ್ತು ವರ್ಷ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, "ಅಲ್ಲಾಡಬೇಡಿ" ಎಂದವನು ನಾನು. ನಮ್ಮ ಬೀದಿಯ ಬ್ಯಾಂಕಿನ ಗುಮಾಸ್ತರು ನಿನಗೆ ನೆನಪಿರಬೇಕು. ಅವರು ಆ ಮೆಷಿನ್‌ಗೆ ಹೋಗುತ್ತಿದ್ದಾಗ ಮನೆಗೇ ಹೋಗಿ ಕ್ಷೌರ ಮಾಡುತ್ತಿದ್ದೆ. ಎರಡು ವರ್ಷ ಆ ಮುಖ ನನ್ನ ಕೈಯಲ್ಲಿತ್ತು. ವಾರ ವಾರಕ್ಕೂ ಏನಾಯಿತು ಎಂದು ನನಗೆ ಗೊತ್ತು, ಅವರ ಹೆಂಡತಿಗೂ ಅಷ್ಟು ಗೊತ್ತಿಲ್ಲ. ನಾನು ಅಲ್ಲಿ ಕೂರುವುದಿಲ್ಲ. ಈ ಮಾತು ಇಲ್ಲಿಗೆ ಮುಗಿಯಿತು.

ನೀನು ಹೊಟ್ಟೆ ತುಂಬ ತಿನ್ನು. ದನಿ ಬರುತ್ತದೆ.

ಅಪ್ಪ

* * *

ಜನವರಿ 29

ಪ್ರೀತಿಯ ಅಪ್ಪಾ,

ನೀವು ಮುಗಿಯಿತು ಎಂದ ಮಾತನ್ನು ನಾನು ಎತ್ತುವುದಿಲ್ಲ. ಬೇರೆ ಒಂದು ಬರೆಯಬೇಕು. ನಿನ್ನೆಯಿಂದ ನನಗೆ ನಿದ್ದೆ ಸರಿಯಾಗಿ ಹತ್ತಿಲ್ಲ, ಖುಷಿಗೆ.

ಕುರ್ಚಿಗಳ ಹಿಂದೆ, ಗೋಡೆಯ ಎತ್ತರದಲ್ಲಿ, ಒಂದು ಸಣ್ಣ ಕಿಟಕಿ ಇದೆ. ಈ ತಿಂಗಳಲ್ಲಿ ಬಿಸಿಲು ನಾಲ್ಕೂಕಾಲಿಗೆ ಸರಿಯಾಗಿ ಅಲ್ಲಿಂದ ಒಳಗೆ ಬಂದು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ನಿನ್ನೆ ಆ ಹೊತ್ತಿಗೆ ಒಂಬತ್ತನೇ ಕುರ್ಚಿಯ ಲಾರಿ ಡ್ರೈವರ್ ತಲೆ ಕೆರೆದುಕೊಳ್ಳಲು ಎಡಗೈ ಎತ್ತಿದರು. ಅವರಿಗೆ ಸೂಜಿ ಬಲಗೈಗೆ. ಗೋಡೆಯ ಮೇಲೆ ಆಳೆತ್ತರದ ಕೈ ಎದ್ದಿತು. ಪಕ್ಕದಲ್ಲಿ ಎಕ್ಸ್‌ಚೇಂಜ್ ಅಜ್ಜಿ. ಅವರಿಗೆ ಸೂಜಿ ಎಡಗೈಗೆ, ಬಲಗೈ ಬಿಡುವು.

"ಏಯ್ ಡ್ರೈವರಪ್ಪಾ, ಕೈ ಕೆಳಗೆ ಇಳಿಸಬೇಡ. ಬೆರಳು ಅಗಲ ಮಾಡು," ಎಂದರು ಅಜ್ಜಿ.

"ಯಾಕಜ್ಜಿ, ಕೈ ನೋಡಿ ಭವಿಷ್ಯ ಹೇಳ್ತೀರಾ?"

"ನಿನ್ನ ಭವಿಷ್ಯ ನಿನ್ನ ಹೆಂಡತಿ ಹೇಳ್ತಾಳೆ. ಅಗಲ ಮಾಡು ಅಂದ್ರೆ ಮಾಡು."

ಅಜ್ಜಿ ತಮ್ಮ ಬಲಗೈಯನ್ನೂ ಎತ್ತಿ ಬೆರಳು ಹರಡಿದರು. ಇಬ್ಬರ ಕೈಗಳ ನಡುವೆ ಒಂದು ಮೊಳ ಜಾಗ, ಒಂದು ಮುಂದೆ, ಒಂದು ಹಿಂದೆ. ಆದರೆ ಬಿಸಿಲು ಓರೆಯಾಗಿ ಬರುತ್ತಿತ್ತಲ್ಲ, ಗೋಡೆಯ ಮೇಲೆ ಎರಡೂ ನೆರಳು ಬಂದು ಹೆಬ್ಬೆರಳಿಗೆ ಹೆಬ್ಬೆರಳು ಸೇರಿ ಕೂಡಿಕೊಂಡವು. ಒಂದು ಹಕ್ಕಿ ಆಯಿತು. ಒಂದು ರೆಕ್ಕೆ ಡ್ರೈವರ್‌ದು, ಒಂದು ರೆಕ್ಕೆ ಅಜ್ಜಿಯದು. ಎರಡು ಮೆಷಿನ್‌ಗಳ ನಡುವಿನಿಂದ ಎದ್ದ ಆ ಹಕ್ಕಿ ಈ ತುದಿಯಿಂದ ಆ ತುದಿಯವರೆಗೆ ಗೋಡೆಯನ್ನು ತುಂಬಿಕೊಂಡಿತು ಅಪ್ಪಾ. ನನ್ನ ಕೈಯಲ್ಲಿದ್ದ ಪುಸ್ತಕ ಜಾರಿ ಬಿದ್ದದ್ದು ನನಗೆ ಗೊತ್ತಾಗಲಿಲ್ಲ.

ದೊಡ್ಡ ಸಿಸ್ಟರ್ ಓಡಿಬಂದರು. ಸೋಂಕಿನ ಭಯದಿಂದ ಇಲ್ಲಿ ಒಬ್ಬ ರೋಗಿ ಇನ್ನೊಬ್ಬರನ್ನು ಮುಟ್ಟುವಂತಿಲ್ಲ. "ಕೈ ಕೈ ಹಿಡ್ಕೊಂಡು ಏನಿದು? ಎಷ್ಟು ಸಲ ಹೇಳಿದ್ದೀನಿ!"

"ಎಲ್ಲಿ ಹಿಡ್ಕೊಂಡಿದ್ದೀವಿ ಸಿಸ್ಟರಮ್ಮಾ? ನೀವೇ ನೋಡಿ," ಎಂದರು ಡ್ರೈವರ್.

ಸಿಸ್ಟರ್ ಕೈಗಳನ್ನು ನೋಡಿದರು. ನಡುವಿನ ಜಾಗ ನೋಡಿದರು. ಆಮೇಲೆ ಗೋಡೆ ನೋಡಿದರು. ಕೊನೆಗೆ ಹೇಳಿದ್ದು ಇಷ್ಟೇ: "ನಿಧಾನಕ್ಕೆ ಬೀಸಿ. ಇಷ್ಟು ದೊಡ್ಡ ಹಕ್ಕಿ ಅಷ್ಟು ಬೇಗ ರೆಕ್ಕೆ ಬೀಸಲ್ಲ."

ಇಪ್ಪತ್ತು ನಿಮಿಷ ಬಿಸಿಲಿತ್ತು. ಅಷ್ಟರಲ್ಲಿ ಒಬ್ಬರೂ "ತೆಗೀರಿ" ಎನ್ನಲಿಲ್ಲ.

ನಿಮ್ಮ ಮಗಳು

* * *

ಫೆಬ್ರವರಿ 13

ಪ್ರೀತಿಯ ಅಪ್ಪಾ,

ಉತ್ತರ ಬರಲಿಲ್ಲ. ಪರವಾಗಿಲ್ಲ. ನಿಮ್ಮಿಂದ ಒಂದು ಸಹಾಯ ಬೇಕು.

ಬಿಸಿಲು ಜರುಗಿ ಹೋಯಿತು. ಈಗ ಕುರ್ಚಿಗಳ ಹಿಂದೆ ಒಂದು ದೊಡ್ಡ ದೀಪ ಇಟ್ಟುಕೊಂಡಿದ್ದೇವೆ. ದೊಡ್ಡ ಸಿಸ್ಟರ್ ಷರತ್ತು ಹಾಕಿದರು: ಸೂಜಿಯ ಕೈಗಳ ಮೇಲಿನ ಬೆಳಕು ಆರಿಸುವಂತಿಲ್ಲ, ಆ ಕೈ ಕೂದಲೆಳೆಯಷ್ಟು ಅಲ್ಲಾಡಿದರೂ ಅವತ್ತೇ ಕೊನೆ. ಮೆಷಿನ್ ನೋಡಿಕೊಳ್ಳುವ ಟೆಕ್ನಿಷಿಯನ್ ಒಬ್ಬೊಬ್ಬರ ಕುರ್ಚಿಯ ದೀಪಕ್ಕೂ ರಟ್ಟಿನ ಟೋಪಿ ಮಾಡಿ ಹಾಕಿದರು, ಬೆಳಕು ಸೂಜಿಯ ಮೇಲೆ ಮಾತ್ರ ಬೀಳುವ ಹಾಗೆ. ಅಜ್ಜಿ, ಡ್ರೈವರ್ ಬಿಟ್ಟು ಉಳಿದವರು ಕೂರುವ ಜಾಗ ಬದಲಿಸಿಕೊಂಡರು. ಎಡಗೈ ಬಿಡುವಿದ್ದವರ ಪಕ್ಕ ಬಲಗೈ ಬಿಡುವಿದ್ದವರು. ವರ್ಷಗಳಿಂದ ಪಕ್ಕಪಕ್ಕ ಕೂತು ಮಾತಾಡದವರು "ನಿಮಗೆ ಯಾವ ಕೈ?" ಎಂದು ಕೇಳಿಕೊಂಡದ್ದನ್ನು ನೀವು ನೋಡಬೇಕಿತ್ತು.

ಈಗ ನಮ್ಮಲ್ಲಿ ಜಿಂಕೆ ಇದೆ, ಮೊಸಳೆ ಇದೆ, ನಾಲ್ಕು ಜನ ಸೇರಿದರೆ ಆನೆ. ನಾನು ಸಣ್ಣ ಕಥೆಗಳನ್ನು ಬರೆದು ಕೊಡುತ್ತೇನೆ, ಅಜ್ಜಿ ಎಕ್ಸ್‌ಚೇಂಜಿನ ದನಿಯಲ್ಲಿ ಹೇಳುತ್ತಾರೆ. ನನ್ನ ದನಿಯ ತೊಂದರೆ ಹಾಗೆ ನೀಗಿತು.

ಆದರೆ ಮನುಷ್ಯನ ಮುಖ ಬರುತ್ತಿಲ್ಲ. ಏನು ಮಾಡಿದರೂ ಗಿಣಿ ಆಗುತ್ತದೆ. "ಎರಡು ಸಾವಿರ ಮುಖ ನೋಡಿರೋರು ಯಾರಾದರೂ ಬೇಕು," ಎಂದರು ಐದನೇ ಕುರ್ಚಿಯ ಲೆಕ್ಕದ ಮೇಷ್ಟ್ರು. ನನ್ನ ತಂದೆ ಕ್ಷೌರಿಕರು ಎಂದೆ. ಇಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅಲ್ಲಿ ಅದೇ ಮೊದಲು.

ಮುಖವನ್ನು ಎಲ್ಲಿಂದ ಶುರು ಮಾಡಬೇಕು ಅಪ್ಪಾ?

ನಿಮ್ಮ ಮಗಳು

* * *

ಫೆಬ್ರವರಿ 19

ಇಲಿಮರಿಗೆ,

ಮೂಗಿನಿಂದ ಶುರು ಮಾಡಿದರೆ ಗಿಣಿಯಾಗದೆ ಇನ್ನೇನಾಗುತ್ತದೆ? ಮುಖ ಎಂದರೆ ಎಲ್ಲರೂ ಕಣ್ಣು, ಮೂಗು ಎಂದುಕೊಳ್ಳುತ್ತಾರೆ. ಪಕ್ಕದಿಂದ ನೋಡು. ಗದ್ದ ಮುಗಿದು ಗಂಟಲು ಶುರುವಾಗುವ ತಿರುವು ಇದೆಯಲ್ಲ, ಮನುಷ್ಯ ಅಲ್ಲಿದ್ದಾನೆ. ಆ ತಿರುವು ಗಿಣಿಗೆ ಇಲ್ಲ, ಮೊಸಳೆಗೂ ಇಲ್ಲ. ಹಾಗಾಗಿ ಅಲ್ಲಿಂದ ಹಿಡಿಯಬೇಕು.

ಒಬ್ಬರು ಮುಷ್ಟಿ ಮಾಡಿ, ತೋರುಬೆರಳಿನ ಗೆಣ್ಣು ಸ್ವಲ್ಪ ಮುಂದೆ ಚಾಚಲಿ. ಅದು ಹಣೆ, ಮೂಗು, ಮೇಲಿನ ತುಟಿ. ಇದು ಅಲ್ಲಾಡಬಾರದು. ಮಾತಾಡುವಾಗ ಮೇಲಿನ ಭಾಗ ಅಲ್ಲಾಡುವುದಿಲ್ಲ, ಕನ್ನಡಿಯಲ್ಲಿ ನೋಡಿಕೋ. ಪಕ್ಕದವರು ನಾಲ್ಕು ಬೆರಳು ಜೋಡಿಸಿ ಕೆಳಗಿನ ದವಡೆ ಮಾಡಲಿ. ಅದು ಮಾತ್ರ ಅಲ್ಲಾಡಲಿ, ಅದೂ ಜಾಸ್ತಿ ಬೇಡ. ಬಾಯಿ ದೊಡ್ಡದಾಗಿ ತೆರೆಯುವವನು ಮಾತಾಡುತ್ತಿಲ್ಲ, ಆಕಳಿಸುತ್ತಿದ್ದಾನೆ.

ಇಷ್ಟಾದರೂ ಗೊಂಬೆಯೇ. ಜೀವ ಬರಬೇಕಾದರೆ ಮೂರನೆಯ ಒಂದು ಕೈ ಬೇಕು. ಗಂಟಲ ಮೇಲೆ ಕತ್ತಿ ಇಟ್ಟಾಗ ಗಿರಾಕಿ ಉಗುಳು ನುಂಗುತ್ತಾನೆ. ಎಲ್ಲರೂ ನುಂಗುತ್ತಾರೆ, ಎಂಥ ಧೈರ್ಯವಂತನಾದರೂ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುತ್ತದೆ. ಅಷ್ಟು ಹೊತ್ತು ನಾನು ಕತ್ತಿ ಎತ್ತಿ ಕಾಯುತ್ತೇನೆ. ನಲವತ್ತು ವರ್ಷ ಕಾದಿದ್ದೇನೆ. ಯಾರಾದರೂ ಹೆಬ್ಬೆರಳಿನ ಗೆಣ್ಣಿನಿಂದ ಆ ಗಂಟು ಮಾಡಲಿ. ಮೇಲೆ ಹೋಗುವುದು ನಿಧಾನ, ಕೆಳಗೆ ಬರುವುದು ಬೇಗ. ತಪ್ಪಿಸಬೇಡಿ.

ಇದನ್ನು ಬರೆಯುತ್ತಾ ಗೋಡೆಯ ಮುಂದೆ ಕೈ ತಿರುಚುತ್ತಿದ್ದೆ. ನಿಮ್ಮಮ್ಮ ಬಂದು "ಕೈಗೆ ಏನಾಯ್ತು?" ಎಂದು ಗಾಬರಿಯಾದಳು. ಚಪ್ಪಲಿ ಬಿಗಿಯಾಗುತ್ತಿದೆ, ಹೊಸದು ಕೊಳ್ಳಬೇಕು. ಬೇರೆ ಏನೂ ವಿಶೇಷವಿಲ್ಲ.

ಅಪ್ಪ

* * *

ಮಾರ್ಚ್ 4

ಪ್ರೀತಿಯ ಅಪ್ಪಾ,

ನೀವು ಇಲ್ಲಿ ಇರಬೇಕಿತ್ತು.

ನಿಮ್ಮ ಕಾಗದವನ್ನು ಅಜ್ಜಿ ಇಡೀ ವಾರ್ಡಿಗೆ ಓದಿ ಹೇಳಿದರು. ಹತ್ತು ದಿನ ಅಭ್ಯಾಸ ನಡೆಯಿತು. ಹಣೆ, ಮೂಗು ಡ್ರೈವರ್‌ದು. ದವಡೆ ಅಜ್ಜಿಯದು. ಗಂಟಲ ಗಂಟು ಲೆಕ್ಕದ ಮೇಷ್ಟ್ರದು; ಅದಕ್ಕಾಗಿ ಅವರು ಐದನೇ ಕುರ್ಚಿ ಬಿಟ್ಟು ಏಳಕ್ಕೆ ಬಂದರು. "ಮೇಲೆ ಮೂರು ಎಣಿಕೆ, ಕೆಳಗೆ ಒಂದು," ಎಂದು ಅವರು ಲೆಕ್ಕ ಹಾಕಿ ಇಟ್ಟುಕೊಂಡಿದ್ದರು.

ನಿನ್ನೆ ದೀಪ ಹಾಕಿದೆವು. ಗೋಡೆಯ ಮೇಲೆ ಒಬ್ಬ ಮನುಷ್ಯ ಬಂದ. ಸುಮ್ಮನೆ ಇದ್ದ. ಬಾಯಿ ಸ್ವಲ್ಪ ತೆರೆದ, ಮುಚ್ಚಿದ. ಆಮೇಲೆ ನುಂಗಿದ.

ಅಪ್ಪಾ, ಇವರಿಗೆಲ್ಲ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇದೆ. ಲೋಟದಲ್ಲಿ ಗೆರೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿಯುವವರು. ಆ ನೆರಳು ನುಂಗಿದಾಗ ಒಂಬತ್ತು ಗಂಟಲುಗಳು ಒಟ್ಟಿಗೆ ಮೇಲೆ ಹೋಗಿ ಕೆಳಗೆ ಬಂದವು. ನಾನು ಪಕ್ಕದಲ್ಲಿ ನಿಂತು ಕಣ್ಣಾರೆ ಕಂಡೆ. ಯಾರೂ ನಗಲಿಲ್ಲ. ಕಾಲೇಜಿನಲ್ಲಿ ನಾನು ಓದಿದ ಪುಸ್ತಕಗಳೆಲ್ಲ ಯಾವುದರ ಬಗ್ಗೆ ಇದ್ದವು ಎಂದು ಆಗ ಅರ್ಥವಾದ ಹಾಗಾಯಿತು. ಈಗ ಬರೆಯಹೊರಟರೆ ಮತ್ತೆ ಕೈಗೆ ಸಿಗುತ್ತಿಲ್ಲ.

ಡಾಕ್ಟರು ಹಾಜರಿ ಪಟ್ಟಿ ತಂದು ತೋರಿಸಿದರು. ಡಿಸೆಂಬರಿನಲ್ಲಿ ಈ ಪಾಳಿಯಲ್ಲಿ ಮೂವತ್ತೊಂದು ಸಲ ಜನ ಅರ್ಧಕ್ಕೆ ಎದ್ದು ಹೋಗಿದ್ದಾರೆ. ಫೆಬ್ರವರಿಯಲ್ಲಿ ಎರಡು ಸಲ. "ಔಷಧಿ ಏನೂ ಬದಲಾಯಿಸಿಲ್ಲ," ಎಂದರು, ಯಾರೋ ತಮಗೆ ಮೋಸ ಮಾಡಿದ್ದಾರೆ ಎನ್ನುವ ಮುಖದಲ್ಲಿ.

ಆ ಮುಖ ಇಟ್ಟುಕೊಂಡು ನಿನ್ನೆಯೇ ನಮ್ಮ ಮೊದಲ ದೊಡ್ಡ ಕಥೆ ಆಡಿದೆವು. ನಾನೇ ಬರೆದದ್ದು. ಒಬ್ಬ ಕ್ಷೌರಿಕ ಊರವರನ್ನೆಲ್ಲ ಕುರ್ಚಿಯಲ್ಲಿ ಕೂರಿಸುತ್ತಾನೆ, ತಾನು ಮಾತ್ರ ಯಾರ ಕುರ್ಚಿಯಲ್ಲೂ ಕೂರುವುದಿಲ್ಲ. ಅವನ ಗಡ್ಡ ಬೆಳೆದು ಅಂಗಡಿ ತುಂಬಿ, ಬಾಗಿಲು ದಾಟಿ, ರಸ್ತೆಯಲ್ಲಿ ಬಸ್ಸು ನಿಲ್ಲಿಸುತ್ತದೆ. ಗಡ್ಡಕ್ಕೆ ಉಳಿದ ಆರೂ ಕೈಗಳು. ಎಲ್ಲರೂ ಎಷ್ಟು ನಕ್ಕರೆಂದರೆ ಮೂರು ಮೆಷಿನ್ ಕೂಗಿಕೊಂಡವು. "ಯಾರಮ್ಮ ಈ ಮಹಾರಾಯ?" ಎಂದು ಕೇಳಿದರು. ಹೇಳಿದೆ. ನೀವು ಡಯಾಲಿಸಿಸ್‌ಗೆ ಒಪ್ಪದ್ದನ್ನೂ ಹೇಳಿದೆ. ಕೋಪ ಮಾಡಿಕೊಳ್ಳುವುದಿಲ್ಲ ಅಲ್ಲವೇ?

ನಿಮ್ಮ ಮಗಳು

* * *

ಮಾರ್ಚ್ 10

ನನ್ನ ಕುರ್ಚಿಯಲ್ಲಿ ಕೂತವರ ತಲೆಯ ಹುಣ್ಣು, ಕಿವಿಯ ಹಿಂದಿನ ಗಾಯ, ಕಣ್ಣೀರು, ಎಲ್ಲ ನೋಡಿದ್ದೇನೆ. ನಲವತ್ತು ವರ್ಷದಲ್ಲಿ ಒಬ್ಬನದನ್ನು ಇನ್ನೊಬ್ಬನಿಗೆ ಹೇಳಿದವನಲ್ಲ. ನಿನಗೂ ಹೇಳಿದವನಲ್ಲ. ಗುಮಾಸ್ತರ ವಿಷಯ ಒಂದು ಹೇಳಿದೆ, ನೀನು ನನ್ನ ಮಗಳು ಎಂದು.

ಅಪ್ಪ

* * *

ಮಾರ್ಚ್ 16

ಅಪ್ಪಾ,

ತಪ್ಪಾಯಿತು. ಎರಡು ಪುಟ ಬರೆದು ಹರಿದೆ. ನನ್ನ ಸಮರ್ಥನೆಗೆ ಬರೆದದ್ದೆಲ್ಲ ಚೆನ್ನಾಗಿಯೇ ಇತ್ತು, ಅದಕ್ಕೇ ಹರಿದೆ.

ಆ ಕಥೆಯನ್ನು ಇನ್ನು ಆಡಬೇಡಿ ಎಂದು ವಾರ್ಡಿನಲ್ಲಿ ಹೇಳಿದ್ದೇನೆ. ಈ ವಾರ ಹೇಗೂ ಆಟ ಇರಲಿಲ್ಲ. ದೀಪ ಹಾಕಲಿಲ್ಲ.

ನಾನು ಊರಿಗೆ ಬರಲೇ? ಒಂದು ಸಾಲು ಬರೆಯಿರಿ.

ನಿಮ್ಮ ಮಗಳು

* * *

ಮಾರ್ಚ್ 23

ಮಗಳಿಗೆ ಆಶೀರ್ವಾದ.

ನಿಮ್ಮಪ್ಪ ಅಂಗಡಿ ತೆಗೆಯದೆ ಆರು ದಿನವಾಯಿತು. ಕಾಲು ಊದಿದೆ, ಮೆಟ್ಟಿಲು ಹತ್ತಿದರೆ ಮೇಲುಸಿರು. ಊಟ ಮುಂದಿಟ್ಟರೆ ತಟ್ಟೆ ಸರಿಸುತ್ತಾರೆ. ಡಾಕ್ಟರು ಮನೆಗೇ ಬಂದು ಇನ್ನು ತಿಂಗಳು ತಳ್ಳಿದರೆ ಕೈ ಮೀರುತ್ತದೆ ಎಂದು ಹೇಳಿ ಹೋದರು. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ನೀನು ಈಗ ಬರಬೇಡ, ಬಂದರೆ ಹಠ ಇನ್ನೂ ಗಟ್ಟಿಯಾಗುತ್ತದೆ, ನಿನಗೆ ಗೊತ್ತಲ್ಲ ಅವರ ಬುದ್ಧಿ. ನಿನ್ನ ಕಾಗದಗಳನ್ನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ನನಗೆ ಏನು ಮಾಡಬೇಕೋ ತೋಚುತ್ತಿಲ್ಲ.

ಅಮ್ಮ

* * *

ಮಾರ್ಚ್ 27

ಕ್ಷೌರಿಕರಿಗೆ ನಮಸ್ಕಾರ.

ನಾನು ಯಾರು ಎಂದು ನಿಮಗೆ ಗೊತ್ತು. ನೀವು ಹೇಳಿಕೊಟ್ಟ ದವಡೆ ನನ್ನದು. ಮೆಷಿನ್‌ಗೆ ಕೂತೇ ಬರೆಯುತ್ತಿದ್ದೇನೆ. ಡ್ರೈವರಪ್ಪ ಒಂದು ಮರದ ಹಲಗೆಗೆ ಕ್ಲಿಪ್ಪು ಹೊಡೆದು ತಂದುಕೊಟ್ಟಿದ್ದಾನೆ, ಕಾಗದ ಜಾರುವುದಿಲ್ಲ. ನಿಮ್ಮ ವಿಳಾಸವನ್ನು ನಿಮ್ಮ ಮಗಳ ಕೈಯಿಂದ ಜುಲುಮೆಯಿಂದ ಕಿತ್ತುಕೊಂಡೆ. ಅವಳು ಕೇಳಿಕೊಂಡು ಬರೆಸಿದ್ದಲ್ಲ.

ಅವಳು ಸುಳ್ಳು ಹೇಳುವವಳಲ್ಲ, ಆದರೆ ಚೆಂದದ್ದನ್ನು ಮಾತ್ರ ಬರೆಯುತ್ತಾಳೆ. ಆ ವಯಸ್ಸೇ ಹಾಗೆ. ಉಳಿದದ್ದನ್ನು ನಾನು ಬರೆಯುತ್ತೇನೆ. ಸೂಜಿ ನೋಯುತ್ತದೆ. ಪ್ರತಿ ಸಲವೂ ನೋಯುತ್ತದೆ, ರೂಢಿಯಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಮೂರನೇ ಗಂಟೆಗೆ ಮೀನಖಂಡ ಹಿಡಿದುಕೊಂಡರೆ ಹೆತ್ತ ತಾಯಿ ನೆನಪಾಗುತ್ತಾಳೆ. ಮನೆಗೆ ಹೋದ ಮೇಲೆ ಒಗೆದು ಹಿಂಡಿದ ಬಟ್ಟೆಯ ಹಾಗೆ ಬಿದ್ದುಕೊಂಡಿರುತ್ತೇವೆ.

ಇನ್ನೊಂದು. ಗಂಟಲು ಮಾಡುತ್ತಿದ್ದ ಲೆಕ್ಕದ ಮೇಷ್ಟ್ರು ಮಾರ್ಚ್ ಹನ್ನೆರಡಕ್ಕೆ ತೀರಿಕೊಂಡರು. ಹೃದಯ. ನಿಮ್ಮ ಮಗಳು ಇದನ್ನು ನಿಮಗೆ ಬರೆದಿಲ್ಲ ಎಂದು ನನಗೆ ಗೊತ್ತು, ಯಾಕೆ ಎಂದೂ ಗೊತ್ತು. ಅವಳು ಔಷಧಿ ಕೋಣೆಯಲ್ಲಿ ನಿಂತು ಅತ್ತು, ಮುಖ ತೊಳೆದುಕೊಂಡು ಬಂದು ನಮಗೆ ಪೇಪರ್ ಓದಿದಳು. ನೆರಳಾಟ ಮೇಷ್ಟ್ರನ್ನು ಉಳಿಸಲಿಲ್ಲ. ನನ್ನ ಮೂತ್ರಪಿಂಡವೂ ಮೊದಲು ಹೇಗಿತ್ತೋ ಹಾಗೇ ಇದೆ, ಎರಡು ಒಣಗಿದ ಅವರೆಕಾಳು.

ಆದರೆ ಅವರು ಹೋದ ಮೇಲೆ ಅವರ ಹೆಂಡತಿ ಇಲ್ಲಿಗೆ ಬಂದಿದ್ದರು. ಮೇಷ್ಟ್ರು ಮೂರು ವರ್ಷದಿಂದ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲವಂತೆ. ಈ ಫೆಬ್ರವರಿಯಲ್ಲಿ ಗೋಡೆಯ ಮುಂದೆ ಹೆಬ್ಬೆರಳು ಆಡಿಸುತ್ತಾ "ಸರಿಯಾಗಿ ಬಂತಾ ನೋಡೇ, ನಿನ್ನ ಗಂಟಲು ಮುಟ್ಟಿ ನೋಡ್ಕೊಂಡು ಹೇಳು" ಎನ್ನುತ್ತಿದ್ದರಂತೆ. ಅದನ್ನು ಹೇಳಲೆಂದೇ ಆ ಯಮ್ಮ ಎರಡು ಬಸ್ಸು ಬದಲಿಸಿ ಬಂದದ್ದು. ನಾವು ಎಂಟು ಜನ ಕೇಳಿಸಿಕೊಂಡು ಕೂತಿದ್ದೆವು. ಎದ್ದು ನಿಲ್ಲುವ ಹಾಗೂ ಇಲ್ಲವಲ್ಲ.

ನಿಮ್ಮ ಕಥೆಗೆ ನಾವು ನಕ್ಕದ್ದು ನಿಜ. ಯಾಕೆ ಎಂದು ಹೇಳಿಬಿಡುತ್ತೇನೆ. ಡ್ರೈವರಪ್ಪ ಮೊದಲ ದಿನ ಸೂಜಿಗೆ ಹೆದರಿ ಕಕ್ಕಸಿನ ಕಿಟಕಿಯಿಂದ ಪಾರಾಗಲು ಹೋಗಿ ಸೊಂಟದ ಹತ್ತಿರ ಸಿಕ್ಕಿಕೊಂಡ, ಹೊರಗಿನಿಂದ ಇಬ್ಬರು ಒಳಗಿನಿಂದ ಇಬ್ಬರು ಎಳೆದರು. ನಾನು ದೊಡ್ಡ ಸಿಸ್ಟರ್ ಕೈ ಕಚ್ಚಿದೆ, ಗುರುತು ಇನ್ನೂ ಇದೆ. ಮೇಷ್ಟ್ರು ಒಂದು ವರ್ಷ ಮುಂದೂಡಿದರು, ಹೃದಯ ಸೋತದ್ದು ಆ ವರ್ಷದಲ್ಲಿ ಎಂದು ಡಾಕ್ಟರು ಹೇಳಿದರು. ಆ ಗಡ್ಡದಲ್ಲಿ ನಮ್ಮೆಲ್ಲರ ಕೂದಲಿತ್ತು ಸ್ವಾಮಿ.

ನೀವು ನೊಂದುಕೊಂಡದ್ದೂ ಸರಿಯೇ. ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನ ಮಾತೆಲ್ಲ ನನ್ನ ಕಿವಿಯ ಮೂಲಕವೇ ಹೋಯಿತು, ಒಂದನ್ನೂ ಹೊರಗೆ ಬಿಡಲಿಲ್ಲ. ಮಗಳಿಗೆ ಹೇಳಿದ್ದೇನೆ, ತಿಳಿದುಕೊಂಡಿದ್ದಾಳೆ. ಅವಳು ನಿಮಗೆ "ಹೋಗಿ ಕೂತುಕೊಳ್ಳಿ ಅಪ್ಪಾ" ಎಂದು ಒಂದು ಸಲವೂ ಬರೆದಿಲ್ಲವಂತೆ. ನಾನು ಹೊರಗಿನವಳು, ನನಗೆ ಸಂಕೋಚವಿಲ್ಲ. ಹೋಗಿ ಕೂತುಕೊಳ್ಳಿ.

ಎಂಟನೇ ಕುರ್ಚಿ

* * *

ಏಪ್ರಿಲ್ 22

ಇಲಿಮರಿಗೆ,

ಏಪ್ರಿಲ್ ಮೂರರಿಂದ ಹೋಗುತ್ತಿದ್ದೇನೆ. ಇವತ್ತಿಗೆ ಒಂಬತ್ತು ಸಲವಾಯಿತು. ಮೊದಲೇ ತಿಳಿಸಬಾರದೆಂದು ನಿಮ್ಮಮ್ಮನಿಗೆ ಆಣೆ ಹಾಕಿಸಿದ್ದೆ. ಒಂದೇ ದಿನ ಹೋಗಿ ಬಿಟ್ಟುಬಿಟ್ಟರೆ ಮರ್ಯಾದೆ ಹೋಗುತ್ತದಲ್ಲ.

ಸೂಜಿ ನೋಯುತ್ತದೆ. ಅಜ್ಜಿ ಹೇಳಿದಷ್ಟೇ, ಒಂದು ಗುಂಜಿ ಹೆಚ್ಚಿಲ್ಲ ಕಡಿಮೆಯಿಲ್ಲ. ಬೇರೆ ಎಲ್ಲರೂ ಇರುವೆ ಕಚ್ಚಿದ ಹಾಗೆ ಎಂದಿದ್ದರು. ನಿಜ ಹೇಳಿದವರು ಅವರೊಬ್ಬರೇ, ಅದಕ್ಕೇ ಅವರ ಮಾತಿನ ಮೇಲೆ ಹೋದೆ. ಅವರಿಗೆ ಹೇಳು.

ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಇದ್ದೆ. ಮುಕ್ಕಾಲು ಗಂಟೆಯ ಮೇಲೆ ತೆರೆದು ನೋಡಿದರೆ ನನ್ನ ರಕ್ತ ಒಂದು ಕೊಳವೆಯಲ್ಲಿ ಹೋಗುತ್ತಿದೆ, ಇನ್ನೊಂದರಲ್ಲಿ ಬರುತ್ತಿದೆ. ನನ್ನ ಕೆಲಸದಲ್ಲಿ ರಕ್ತ ಕಂಡರೆ ಕೈ ತಪ್ಪಿತು ಎಂದು ಅರ್ಥ. ಪಟಿಕ ಒತ್ತಬೇಕು, ಕ್ಷಮೆ ಕೇಳಬೇಕು. ಹೊರಗೆ ಬಂದ ರಕ್ತ ವಾಪಸು ಒಳಗೆ ಹೋಗುವುದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಉಳಿದ ಮೂರು ಗಂಟೆ ಅದನ್ನೇ ನೋಡಿದೆ. ಎಂಥ ಯೋಚನೆ ಮಾಡಿದ್ದಾನೆ ಮಾರಾಯ ಅದನ್ನು ಕಂಡುಹಿಡಿದವನು.

ಇಲ್ಲಿ ದೀಪವೂ ಇಲ್ಲ, ಆಟವೂ ಇಲ್ಲ. ಸುತ್ತಲೂ ಟ್ಯೂಬ್‌ಲೈಟು, ಒಂದು ನೆರಳು ನೆಟ್ಟಗೆ ಬೀಳುವುದಿಲ್ಲ. ಮೂರನೇ ದಿನ ಸಿಸ್ಟರನ್ನು ಕೇಳಿದೆ. "ಇದು ಆಸ್ಪತ್ರೆ ಕಣ್ರೀ," ಎಂದರು. ಸರಿ ಎಂದು ಬರೀ ಕೈಯಲ್ಲೇ ಮುಖ ಮಾಡುತ್ತಾ ಕೂತೆ. ಪಕ್ಕದ ಕುರ್ಚಿಯಲ್ಲಿ ನೆಲಕ್ಕೆ ಟೈಲ್ಸ್ ಕೂರಿಸುವವನು ಒಬ್ಬ, ನಲವತ್ತರ ಆಸುಪಾಸು, ಯಾರ ಹತ್ತಿರವೂ ಮಾತಿಲ್ಲದವನು.

"ಏನ್ರೀ, ಕೈ ಸೆಳೀತಿದೆಯಾ?" ಎಂದ.

"ಇಲ್ಲಪ್ಪ, ಮುಖ ಮಾಡ್ತಿದ್ದೀನಿ."

"ಯಾರದ್ದು?"

"ನಿಂದೇ. ಗಂಟಲು ಸಿಕ್ತಿಲ್ಲ. ಒಂದ್ಸಲ ನುಂಗು."

ಅವನು ನನ್ನನ್ನು ಹುಚ್ಚ ಎಂದುಕೊಂಡ. ಆದರೂ ನುಂಗಿದ. ಅವನಿಗೆ ಎಡಗೈ ಬಿಡುವು. ಎರಡು ದಿನದಿಂದ ದವಡೆ ಕಲಿಸುತ್ತಿದ್ದೇನೆ. ಟೈಲ್ಸ್ ಕೂರಿಸುವವನಾದ್ದರಿಂದ ಕೈಯಲ್ಲಿ ಅಳತೆ ಇದೆ, ಆದರೆ ಬಾಯಿ ಬಹಳ ತೆರೆಯುತ್ತಾನೆ. ನಿನ್ನೆ ಸಿಸ್ಟರ್ ಪಕ್ಕದಲ್ಲಿ ಹೋಗುವಾಗ ನಿಂತು ನೋಡಿ ಹೋದರು. ಮುಂದಿನ ವಾರ ದೀಪದ ಮಾತು ಮತ್ತೆ ಎತ್ತುತ್ತೇನೆ.

ಮೇಷ್ಟ್ರ ವಿಷಯ ನೀನೇ ಬರೆಯಬೇಕಿತ್ತು. ಇನ್ನು ಮುಂದೆ ಅಂಥದ್ದನ್ನೂ ಬರೆ. ನಾನು ತಡೆದುಕೊಳ್ಳುತ್ತೇನೆ. ಗಂಟಲಿನ ಜಾಗ ಖಾಲಿ ಬಿಡಬೇಡಿ. ಆ ಕ್ಷೌರಿಕನ ಕಥೆಯನ್ನೂ ಬೇಕಾದರೆ ಆಡಿ. ಗಡ್ಡ ಮಾತ್ರ ಬಸ್ಸು ನಿಲ್ಲಿಸುವಷ್ಟು ಬೇಡ, ನಾನು ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುವವನು.

ಇವತ್ತು ಬೆಳಿಗ್ಗೆ ನಡೆದದ್ದು ಒಂದಿದೆ, ಅದಕ್ಕೇ ಕಾಗದ ಬರೆಯಲು ಕೂತೆ. ನನ್ನ ಪಾಲಿನ ನೀರನ್ನು ನಿಮ್ಮಮ್ಮ ಸಣ್ಣ ಲೋಟದಲ್ಲಿ ತಂದುಕೊಟ್ಟಳು. ಆರೇಳು ತಿಂಗಳಿಂದ ಬಾಯಿಗೆ ಏನು ಹಾಕಿಕೊಂಡರೂ ತುಕ್ಕು ಹಿಡಿದ ಕತ್ತಿ ನೆಕ್ಕಿದ ಹಾಗೆ ಇರುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಕಾಯಿಲೆ ಒಳಗೆ ಎಷ್ಟು ಬಂದಿದೆ ಎಂದು ಗೊತ್ತಾಗಿಬಿಡುತ್ತದೆ ಎಂದು. ಇವತ್ತು ಒಂದು ಗುಟುಕು ಕುಡಿದೆ. ತುಕ್ಕು ಇರಲಿಲ್ಲ. ಇನ್ನೊಂದು ಗುಟುಕು ಕುಡಿದು ನೋಡಿದೆ.

"ಏನಾಯ್ತು? ಯಾಕೆ ಹಾಗೆ ನೋಡ್ತಿದ್ದೀರಿ?" ಎಂದಳು.

"ನೀರು ಚೆನ್ನಾಗಿದೆ ಕಣೇ," ಎಂದೆ.

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು, ನಿಂತಲ್ಲೇ ತಾನೂ ಒಂದು ಗುಟುಕು ಕುಡಿದಳು.

ಅಪ್ಪ